ತೋಟಗಾರಿಕೆಯಲ್ಲಿ ಅಪ್ರೆಂಟಿಸ್ ಆಗಿ ಕಲಿಯುವುದು: ಕೊಡಗಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಸುಂಟಿಕೊಪ್ಪದ ಬಳಿ ನಾನು ನಡೆಸುವ ನರ್ಸರಿಗೆ ಗಿಡ ಕೊಳ್ಳಲು ಬಂದವರಲ್ಲಿ ಅನೇಕರು ಹೊರಡುವ ಮುನ್ನ ಜೀಪಿನ ಬಾಗಿಲು ಹಿಡಿದು ನಿಂತು, “ನಮ್ಮ ಹುಡುಗನಿಗೆ ಈ ಕೆಲಸ ಕಲಿಸುತ್ತೀರಾ?” ಎಂದು ಕೇಳುತ್ತಾರೆ. ಪತ್ರ ಬರೆದು ಕೇಳಿದವರೂ ಇದ್ದಾರೆ, ಸಂತೆಯಲ್ಲಿ ಸಿಕ್ಕಾಗ ಕೇಳಿದವರೂ ಇದ್ದಾರೆ. ವರ್ಷಗಳಿಂದ ಮರಳಿ ಮರಳಿ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟು, ನನಗೆ ತಿಳಿದಷ್ಟು ಉತ್ತರವನ್ನು ಇಲ್ಲಿ ಬರೆದಿದ್ದೇನೆ. ಮೊದಲಿನವು ಈಗಷ್ಟೇ ಯೋಚಿಸುತ್ತಿರುವವರಿಗೆ, ಕೊನೆಯವು ಈಗಾಗಲೇ ಕೈ ಕೆಸರು ಮಾಡಿಕೊಂಡವರಿಗೆ.

## ಸೇರುವ ಮುನ್ನ

ತೋಟದ ಕೆಲಸ ಅಂದರೆ ಆಳಿನ ಕೆಲಸ ತಾನೇ? ಅದನ್ನು ಕಲಿಯೋದಕ್ಕೆ ವರ್ಷಗಟ್ಟಲೆ ಅಪ್ರೆಂಟಿಸ್ ಆಗಬೇಕಾ?

ಇದನ್ನು ಹೆಚ್ಚಾಗಿ ಕೇಳುವವರು ಹೆತ್ತವರು. ಮಗ ಅಥವಾ ಮಗಳು ತಮ್ಮಂತೆಯೇ ದಿನಗೂಲಿಯಲ್ಲಿ ಸವೆದು ಹೋಗಬಾರದು ಎಂಬ ಆತಂಕ ಆ ಮಾತಿನ ಹಿಂದೆ ಇರುತ್ತದೆ, ಮತ್ತು ಆ ಆತಂಕ ನ್ಯಾಯವಾದದ್ದೇ. ಆದರೆ ಕೂಲಿಗೂ ಕುಶಲ ತೋಟಗಾರಿಕೆಗೂ ನಡುವಿನ ಗೆರೆ ಬಹಳ ಸ್ಪಷ್ಟವಾಗಿದೆ. “ಈ ಸಾಲಿಗೆ ಗೊಬ್ಬರ ಹಾಕು” ಎಂದಾಗ ಹಾಕುವುದು ಕೂಲಿ. ಎಲೆಯ ಬಣ್ಣ, ಬೇರಿನ ಬುಡದ ತೇವ, ನೆರಳಿನ ಮರದ ಹರವು ಇವನ್ನೆಲ್ಲ ನೋಡಿ ಗೊಬ್ಬರ ಈಗ ಬೇಕೋ ಬೇಡವೋ ಎಂದು ತೀರ್ಮಾನಿಸಿ, ಆ ತೀರ್ಮಾನಕ್ಕೆ ತಾನೇ ಹೊಣೆಯಾಗುವುದು ಕುಶಲ ವೃತ್ತಿ.

ಕತ್ತಿ ಹಿಡಿದು ಕಾಫಿ ಗಿಡದ ಮುಂದೆ ನಿಂತವನನ್ನೇ ಉದಾಹರಣೆಯಾಗಿ ನೋಡಿ. ರೆಕ್ಕೆಯ, ಅಂದರೆ ಅಡ್ಡ ಕೊಂಬೆಯ, ಯಾವ ಗೆಣ್ಣಿನಲ್ಲಿ ಈ ವರ್ಷ ಹಣ್ಣು ಕುಯ್ದಾಗಿದೆಯೋ ಆ ಗೆಣ್ಣು ಮತ್ತೆ ಕಾಯಿ ಕಚ್ಚುವುದಿಲ್ಲ. ಮುಂದಿನ ಫಸಲು ಹೊಸದಾಗಿ ಬೆಳೆದ ಭಾಗದಲ್ಲಿ ಬರಬೇಕು. ಆದ್ದರಿಂದ ಕತ್ತಿ ಆಡಿಸುವವನು ಇಂದಿನ ಗಿಡವನ್ನಲ್ಲ, ಒಂದೆರಡು ವರ್ಷದ ನಂತರದ ಗಿಡವನ್ನು ಕಣ್ಣ ಮುಂದೆ ತಂದುಕೊಂಡು ಕತ್ತರಿಸಬೇಕಾಗುತ್ತದೆ. ಆ ಕಣ್ಣು ಒಂದು ವಾರದ ಶಿಬಿರದಲ್ಲಿ ಬರುವುದಿಲ್ಲ. ತಾನು ಕತ್ತರಿಸಿದ ಗಿಡ ಮುಂದಿನ ಹೂಮಳೆಗೆ ಹೇಗೆ ಅರಳಿತು ಎಂಬುದನ್ನು ಅದೇ ಗಿಡದ ಮುಂದೆ ಮತ್ತೆ ನಿಂತು ನೋಡಿದಾಗ ಮಾತ್ರ ಬರುತ್ತದೆ.

ತೋಟಗಾರಿಕೆ ಅಂದರೆ ಅದರಲ್ಲಿ ಕಾಫಿಯೂ ಸೇರುತ್ತದಾ?

ವಿದ್ಯೆಯ ದೃಷ್ಟಿಯಲ್ಲಿ ಸೇರುತ್ತದೆ: ಹಣ್ಣು, ತರಕಾರಿ, ಹೂವು, ಸಾಂಬಾರ ಬೆಳೆ ಮತ್ತು ಪ್ಲಾಂಟೇಶನ್ ಬೆಳೆ ಎಲ್ಲವೂ ತೋಟಗಾರಿಕೆಯ ಶಾಖೆಗಳು. ಆಡಳಿತದ ದೃಷ್ಟಿಯಲ್ಲಿ ಮಾತ್ರ ಕಾಫಿ ಕೇಂದ್ರದ ವಾಣಿಜ್ಯ ಸಚಿವಾಲಯದ ಅಡಿಯ ಕಾಫಿ ಮಂಡಳಿಗೆ ಸೇರಿದ್ದು. ಕೊಡಗಿನ ಒಂದೇ ತೋಟದಲ್ಲಿ ಕಾಫಿ, ಅದರ ಮೇಲೆ ನೆರಳಿನ ಮರ, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ತೊರೆಯ ಬದಿಗೆ ಏಲಕ್ಕಿ, ಅಂಚಿನಲ್ಲಿ ಕಿತ್ತಳೆ ಮತ್ತು ಬೆಣ್ಣೆಹಣ್ಣು ಇರುವುದರಿಂದ ಇಲ್ಲಿ ಕಲಿತವನಿಗೆ ಈ ವಿಂಗಡಣೆ ಅಷ್ಟಾಗಿ ತೊಡಕಾಗದು. ಒಂದು ಎಕರೆಯಲ್ಲಿ ಇಷ್ಟು ಬೆಳೆಗಳ ನಡುವೆ ಕಲಿಯುವ ಅವಕಾಶ ಸಿಗುವುದು ದೊಡ್ಡ ಭಾಗ್ಯವೆಂದೇ ನಾನು ತಿಳಿದಿದ್ದೇನೆ.

ನಾನು ಎಸ್ಸೆಸ್ಸೆಲ್ಸಿಯಲ್ಲಿ ಫೇಲ್. ನನ್ನನ್ನು ಯಾರು ಸೇರಿಸಿಕೊಳ್ಳುತ್ತಾರೆ?

ಖಾಸಗಿ ನರ್ಸರಿ ಮತ್ತು ತೋಟಗಳು ಅಂಕಪಟ್ಟಿ ಕೇಳುವುದು ಅಪರೂಪ. ಕಾನೂನಿನ ಪ್ರಕಾರವೂ, ಅಂದರೆ 1961ರ ಅಪ್ರೆಂಟಿಸ್ ಕಾಯ್ದೆಯ ಅಡಿಯಲ್ಲಿ, ಕೆಲವು ತರಬೇತಿಗಳಿಗೆ ಐದನೇ ತರಗತಿ ದಾಟಿದವರೂ ಅರ್ಹರು. ವಯಸ್ಸು ಕನಿಷ್ಠ 14 ಆಗಿರಬೇಕು, ಅಪಾಯಕಾರಿ ಎಂದು ಗುರುತಿಸಿದ ಕೆಲಸಕ್ಕೆ 18 ತುಂಬಿರಬೇಕು. ಆದರೂ ಸಾಧ್ಯವಾದರೆ ಮತ್ತೆ ಪರೀಕ್ಷೆ ಕಟ್ಟಿ ಪಾಸು ಮಾಡಿಕೊಳ್ಳಿ ಎಂದೇ ನಾನು ಹೇಳುತ್ತೇನೆ, ಏಕೆಂದರೆ ಮುಂದೆ ಡಿಪ್ಲೊಮಾ ಮಾಡಬೇಕೆನಿಸಿದಾಗ ಬಾಗಿಲು ಮುಚ್ಚಿರಬಾರದು. ಲೆಕ್ಕ ಮಾತ್ರ ಬಿಡಬೇಡಿ. ಲೀಟರಿಗೆ ಎಷ್ಟು ಗ್ರಾಂ, ಎಕರೆಗೆ ಎಷ್ಟು ಗಿಡ, ನೂರರಲ್ಲಿ ಎಷ್ಟು ಕಸಿ ಹಿಡಿಯಿತು ಎಂಬ ಲೆಕ್ಕವಿಲ್ಲದೆ ಈ ವೃತ್ತಿಯಲ್ಲಿ ಒಂದು ದಿನವೂ ಸಾಗುವುದಿಲ್ಲ.

ನಾವು ತೋಟದ ಕಾರ್ಮಿಕರ ಲೈನ್ ಮನೆಯಲ್ಲಿ ಇರುವವರು, ಸ್ವಂತ ಜಮೀನಿಲ್ಲ. ಮಗಳಿಗೆ ಗಿಡ ಎಂದರೆ ಪ್ರಾಣ. ಅವಳು ಈ ದಾರಿ ಹಿಡಿಯಬಹುದೇ?

ಖಂಡಿತ ಹಿಡಿಯಬಹುದು. ಈ ಪ್ರಶ್ನೆ ಕೇಳಿದ ತಾಯಿ ಇಪ್ಪತ್ತು ವರ್ಷ ಕಾಫಿ ಕುಯ್ದವರು. ಆ ಕೈಗೆ ಎಷ್ಟು ವಿದ್ಯೆ ಗೊತ್ತಿದೆ ಎಂಬುದು ಆ ತಾಯಿಗೇ ತಿಳಿದಿರಲಿಲ್ಲ. ಹಣ್ಣಾದ ಕಾಯಿಯನ್ನು ಮಾತ್ರ, ತೊಟ್ಟಿನ ಬುಡಕ್ಕೆ ಪೆಟ್ಟಾಗದಂತೆ, ನೋಡದೆಯೇ ಬೆರಳ ತುದಿಯಲ್ಲಿ ಬಿಡಿಸುವುದು ಸಾಮಾನ್ಯ ಕೌಶಲ್ಯವಲ್ಲ.

ನರ್ಸರಿಯ ಕೆಲಸದಲ್ಲಿ ಜಮೀನು ಇದೆಯೇ ಇಲ್ಲವೇ ಎಂಬುದು ಕೊನೆಯ ಪ್ರಶ್ನೆ. ಕೆಲವು ಸರಕಾರಿ ತರಬೇತಿಗಳು ರೈತರ ಮಕ್ಕಳಿಗೆಂದೇ ಇದ್ದು ಪಹಣಿ ಕೇಳುತ್ತವೆ, ಅಲ್ಲಿ ತೊಡಕಾಗಬಹುದು. ಅಪ್ರೆಂಟಿಸ್ ಒಪ್ಪಂದಕ್ಕೆ ಪಹಣಿ ಬೇಕಿಲ್ಲ. ಹೆಣ್ಣುಮಕ್ಕಳ ವಿಚಾರದಲ್ಲಿ ನನ್ನ ಅನುಭವ ಇಷ್ಟು: ನನ್ನಲ್ಲಿ ಕಲಿತವರ ಪೈಕಿ ಕಣ್ಣುಕಸಿಯಲ್ಲಿ (ಒಂದು ಗಿಡದ ಮೊಗ್ಗನ್ನು ಇನ್ನೊಂದರ ತೊಗಟೆಯೊಳಗೆ ಕೂರಿಸುವುದು) ಅತ್ಯಂತ ಸ್ಥಿರವಾದ ಕೈ ಇದ್ದವರು ಇಬ್ಬರೂ ಹುಡುಗಿಯರು. ಸೇರಿಸುವ ಮುನ್ನ ಕೆಲಸದ ಜಾಗದಲ್ಲಿ ಶೌಚಾಲಯ ಇದೆಯೇ, ಸಂಜೆ ಮನೆ ಮುಟ್ಟಿಸುವ ವ್ಯವಸ್ಥೆ ಏನು, ದಾರಿಯಲ್ಲಿ ಆನೆ ಓಡಾಟ ಇದ್ದ ದಿನ ತಡವಾಗಿ ಬಂದರೆ ಗೈರುಹಾಜರಿ ಹಾಕುತ್ತಾರೆಯೇ ಎಂಬುದನ್ನು ಸಂಕೋಚವಿಲ್ಲದೆ ಕೇಳಿ. ಇದಕ್ಕೆ ಬೇಸರ ಪಡುವ ಜಾಗದಲ್ಲಿ ಮಗಳನ್ನು ಬಿಡಬೇಡಿ.

## ಎಲ್ಲಿ, ಹೇಗೆ, ಯಾವ ಷರತ್ತಿನ ಮೇಲೆ

ಕೊಡಗು ಬಿಟ್ಟು ಹೋಗದೆ ಕಲಿಯೋಕೆ ಎಲ್ಲೆಲ್ಲಿ ಜಾಗ ಇದೆ?

ಮೊದಲು ಚೆಟ್ಟಳ್ಳಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಗೆ ಸೇರಿದ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರ ಇರುವುದು ಅಲ್ಲಿಯೇ. ಕೂರ್ಗ್ ಹನಿಡ್ಯೂ ಪಪ್ಪಾಯಿ, ಅರ್ಕಾ ಸುಪ್ರೀಂ ಮತ್ತು ಅರ್ಕಾ ಕೂರ್ಗ್ ರವಿ ಬೆಣ್ಣೆಹಣ್ಣು, ಅರ್ಕಾ ಕೂರ್ಗ್ ಅರುಣ್ ರಂಬುಟಾನ್ ಹೊರಬಂದದ್ದು ಆ ಕೇಂದ್ರದಿಂದ. ಅದೇ ಚೆಟ್ಟಳ್ಳಿಯಲ್ಲಿ ಕಾಫಿ ಮಂಡಳಿಯ ಸಂಶೋಧನಾ ಉಪಕೇಂದ್ರವೂ ಇದೆ. ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರ ಅಲ್ಪಾವಧಿಯ ತರಬೇತಿ ಕೊಡುತ್ತದೆ. ಏಲಕ್ಕಿ ಮತ್ತು ಮೆಣಸಿಗೆ ಮಡಿಕೇರಿ ಬಳಿಯ ಅಪ್ಪಂಗಳದಲ್ಲಿರುವ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಇದೆ. ಮರಗಳ ಬಗ್ಗೆ ಆಳವಾಗಿ ತಿಳಿಯಬೇಕೆನ್ನುವವರಿಗೆ ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯ ಹತ್ತಿರದಲ್ಲೇ ಇದೆ.

ಈ ಸಂಸ್ಥೆಗಳು ಕಲಿಸುವುದು ಹೆಚ್ಚಾಗಿ ಮೂರು ದಿನ, ಒಂದು ವಾರದ ಲೆಕ್ಕದಲ್ಲಿ. ವರ್ಷಪೂರ್ತಿ ಕೈ ಪಳಗಬೇಕಾದರೆ ನರ್ಸರಿ ಅಥವಾ ತೋಟವೇ ಬೇಕು. ಆದ್ದರಿಂದ ಎರಡನ್ನೂ ಹೊಂದಿಸಿಕೊಳ್ಳಿ: ನರ್ಸರಿಯಲ್ಲಿ ನೆಲೆ ನಿಲ್ಲಿ, ಸಂಸ್ಥೆಗಳ ಶಿಬಿರಕ್ಕೆ ಹೋಗಲು ರಜೆ ಕೇಳಿ. ಮಡಿಕೇರಿಯ ರಾಜಾಸೀಟ್ ಉದ್ಯಾನದಲ್ಲಿ ತೋಟಗಾರಿಕೆ ಇಲಾಖೆ ನಡೆಸುವ ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ಹೋದರೆ ಜಿಲ್ಲೆಯ ಬಹುತೇಕ ನರ್ಸರಿಯವರನ್ನು ಒಂದೇ ಕಡೆ ಮಾತನಾಡಿಸಬಹುದು.

ಡಿಪ್ಲೊಮಾ ಮಾಡಲೋ, ಐಟಿಐ ಸೇರಲೋ, ನೇರ ಅಪ್ರೆಂಟಿಸ್ ಆಗಲೋ?

ಕೈಕೆಲಸದಲ್ಲಿ ಆಸಕ್ತಿ ಇದ್ದು, ಮನೆಗೆ ಈಗಲೇ ಒಂದಿಷ್ಟು ಹಣ ಬರಬೇಕಾದವರಿಗೆ ಅಪ್ರೆಂಟಿಸ್ ದಾರಿ ಸರಿ. ಸರಕಾರಿ ಹುದ್ದೆ ಅಥವಾ ದೊಡ್ಡ ಕಂಪನಿಯ ತೋಟದಲ್ಲಿ ಮೇಲ್ವಿಚಾರಕನ ಕೆಲಸ ಬಯಸುವವರಿಗೆ ಪ್ರಮಾಣಪತ್ರ ಬೇಕೇ ಬೇಕು: ಎಸ್ಸೆಸ್ಸೆಲ್ಸಿ ನಂತರ ಎರಡು ವರ್ಷದ ತೋಟಗಾರಿಕಾ ಡಿಪ್ಲೊಮಾ, ಪಿಯುಸಿ ವಿಜ್ಞಾನದ ನಂತರ ನಾಲ್ಕು ವರ್ಷದ ಬಿ.ಎಸ್ಸಿ. ತೋಟಗಾರಿಕೆ, ಐಟಿಐಗಳಲ್ಲಿ ಒಂದು ವರ್ಷದ ತೋಟಗಾರಿಕಾ ವೃತ್ತಿ ಹೀಗೆ ಮೆಟ್ಟಿಲುಗಳಿವೆ. ಕೊಡಗಿಗೆ ಹತ್ತಿರದ ತೋಟಗಾರಿಕಾ ಕಾಲೇಜುಗಳೆಂದರೆ ಮೈಸೂರು ಮತ್ತು ಮೂಡಿಗೆರೆ. ಇವುಗಳ ಜೊತೆಗೆ ತೋಟಗಾರಿಕೆ ಇಲಾಖೆ ಲಾಲ್‌ಬಾಗ್ ಮತ್ತಿತರ ಕೇಂದ್ರಗಳಲ್ಲಿ ರೈತರ ಮಕ್ಕಳಿಗಾಗಿ ಭತ್ಯೆ ಸಹಿತ 10 ತಿಂಗಳ ತರಬೇತಿಯನ್ನೂ ನಡೆಸುತ್ತದೆ.

ಕೇಳಿದವರಿಗೆಲ್ಲ ನಾನು ಒಂದು ಮಾತು ಹೇಳುತ್ತೇನೆ. ಕಾಲೇಜಿಗೆ ಹೋಗುವವರೂ ಮೊದಲು ಒಂದು ಮಳೆಗಾಲ ನರ್ಸರಿಯಲ್ಲಿ ಕಳೆಯಲಿ. ಲಾಲ್‌ಬಾಗನ್ನು ಬೆಳೆಸಿದ ಕ್ರುಂಬಿಗಲ್ ಅವರು ಜರ್ಮನಿಯ ಉದ್ಯಾನಗಳಲ್ಲಿ ಕಲಿತು, ಇಂಗ್ಲೆಂಡಿನ ಕ್ಯೂ ಉದ್ಯಾನದಲ್ಲಿ ದುಡಿದು, ಆಮೇಲೆ 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದವರು. ಮಣ್ಣು ಮುಟ್ಟಿ ಕಲಿತ ವಿದ್ಯೆಯ ಮೇಲೆ ದೊಡ್ಡ ಹುದ್ದೆ ನಿಲ್ಲಬಲ್ಲದು ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಇರುವ ಸಾಕ್ಷಿ ಅದು.

ಅಪ್ರೆಂಟಿಸ್ ಇದ್ದಾಗ ಸಂಬಳ ಕೊಡುತ್ತಾರಾ? ಎಷ್ಟು?

ಕಾಯ್ದೆಯ ಭಾಷೆಯಲ್ಲಿ ಅದು ಸಂಬಳವಲ್ಲ, ಶಿಷ್ಯವೇತನ. 2019ರಲ್ಲಿ ತಿದ್ದಿದ ನಿಯಮಗಳು ಓದಿನ ಮಟ್ಟಕ್ಕೆ ತಕ್ಕಂತೆ ತಿಂಗಳಿಗೆ ಕನಿಷ್ಠ 5,000 ರೂಪಾಯಿಯಿಂದ 9,000 ರೂಪಾಯಿಯವರೆಗೆ ನಿಗದಿ ಮಾಡಿದವು. 2016ರಲ್ಲಿ ಆರಂಭವಾದ ರಾಷ್ಟ್ರೀಯ ಅಪ್ರೆಂಟಿಸ್ ಪ್ರೋತ್ಸಾಹ ಯೋಜನೆಯಲ್ಲಿ ನೋಂದಾಯಿಸಿಕೊಂಡರೆ ಶಿಷ್ಯವೇತನದ ಕಾಲು ಭಾಗವನ್ನು, ತಿಂಗಳಿಗೆ 1,500 ರೂಪಾಯಿಯ ಮಿತಿಯೊಳಗೆ, ಕೇಂದ್ರ ಸರಕಾರ ಭರಿಸುತ್ತದೆ. ಅದೇ ನಿಯಮಗಳ ಪ್ರಕಾರ ನಾಲ್ಕು ಅಥವಾ ಹೆಚ್ಚು ಮಂದಿ ಇರುವ ಸಂಸ್ಥೆ ಬಯಸಿದರೆ ಅಪ್ರೆಂಟಿಸ್ ತೆಗೆದುಕೊಳ್ಳಬಹುದು. ಮೂವತ್ತು ಮತ್ತು ಹೆಚ್ಚು ಮಂದಿ ಇದ್ದರೆ ತೆಗೆದುಕೊಳ್ಳಲೇಬೇಕು. ನಮ್ಮ ಜಿಲ್ಲೆಯ ಬಹಳಷ್ಟು ನರ್ಸರಿಗಳು ಮನೆಮಂದಿ ಮತ್ತು ಒಬ್ಬಿಬ್ಬರು ಆಳುಗಳಿಂದ ನಡೆಯುವಂಥವು, ಅವು ಈ ಚೌಕಟ್ಟಿನ ಹೊರಗೇ ಉಳಿಯುತ್ತವೆ.

ನಮ್ಮೂರಿನ ನರ್ಸರಿಯವರು “ಬಾ, ನೋಡಿಕೊಂಡು ಕಲಿ” ಎಂದಿದ್ದಾರೆ, ಕಾಗದ ಪತ್ರ ಏನೂ ಇಲ್ಲ. ಹೋಗಬಹುದಾ?

ಹೋಗಿ, ಆದರೆ ಒಂದು ಹಾಳೆಯಲ್ಲಾದರೂ ಬರೆದುಕೊಳ್ಳಿ. ನಾನು ಹದಿನೆಂಟರ ವಯಸ್ಸಿನಲ್ಲಿ ಒಂದು ನರ್ಸರಿಗೆ ಬಾಯಿಮಾತಿನ ಮೇಲೆ ಸೇರಿದ್ದೆ. ಮೊದಲ ಹದಿನಾಲ್ಕು ತಿಂಗಳು ಮಣ್ಣು ಜರಡಿ ಹಿಡಿಯುವುದು, ಚೀಲ ತುಂಬುವುದು, ಲಾರಿಗೆ ಗಿಡ ಹೇರುವುದು ಇಷ್ಟೇ ನನ್ನ ಪಾಲಿಗೆ ಬಂತು. ಕಸಿ ಕಟ್ಟುವ ಕೊಟ್ಟಿಗೆಯ ಬಾಗಿಲು ನಮಗೆ ಮುಚ್ಚಿರುತ್ತಿತ್ತು. ಕಲಿತವನು ಪಕ್ಕದಲ್ಲೇ ಇನ್ನೊಂದು ನರ್ಸರಿ ಇಟ್ಟಾನು ಎಂಬ ಭಯ ಅವರಿಗಿತ್ತು ಎಂದು ಈಗ ಅರ್ಥವಾಗುತ್ತದೆ, ಆದರೂ ಕಳೆದ ಆ ತಿಂಗಳುಗಳ ನೋವು ಇಂದಿಗೂ ಆರಿಲ್ಲ.

ಹಾಳೆಯಲ್ಲಿ ಇರಬೇಕಾದದ್ದು ಬಹಳವಿಲ್ಲ. ಎಷ್ಟು ತಿಂಗಳು, ತಿಂಗಳಿಗೆ ಎಷ್ಟು ಹಣ, ಪೆಟ್ಟಾದರೆ ಆಸ್ಪತ್ರೆಯ ಖರ್ಚು ಯಾರದು, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಯಾವ ತಿಂಗಳ ಹೊತ್ತಿಗೆ ಯಾವ ಕೆಲಸವನ್ನು ಸ್ವಂತ ಕೈಯಿಂದ ಮಾಡಿಸುತ್ತಾರೆ ಎಂಬುದು. “ಆರನೇ ತಿಂಗಳಿನಿಂದ ದಿನಕ್ಕೆ ಹತ್ತು ಕಸಿ ಕಟ್ಟಲು ಕೊಡುವುದು” ಎಂಬ ಒಂದು ಸಾಲು ಬರೆದಿದ್ದರೆ ನನ್ನ ಎಷ್ಟೋ ತಿಂಗಳು ಉಳಿಯುತ್ತಿದ್ದವು.

## ಕೈ ಪಳಗುವ ವರ್ಷಗಳು

ಮೊದಲ ಆರು ತಿಂಗಳು ಬರೀ ಚೀಲ ತುಂಬಿಸುತ್ತಾರಂತೆ. ಅದರಲ್ಲಿ ಕಲಿಯೋದು ಏನಿದೆ?

ಚೀಲ ತುಂಬುವುದೊಂದೇ ಆದರೆ ಅನ್ಯಾಯ, ಅದನ್ನು ಈಗಷ್ಟೇ ಬರೆದೆ. ಆದರೆ ಚೀಲ ತುಂಬದೆ ಕಸಿಗೆ ಹೋಗುವುದೂ ತಪ್ಪು. ಕಾಫಿ ನರ್ಸರಿಗೆ ಕಾಡುಮಣ್ಣು ಆರು ಪಾಲು, ಚೆನ್ನಾಗಿ ಕಳಿತ ಕಾಂಪೋಸ್ಟ್ ಎರಡು ಪಾಲು, ಸಣ್ಣ ಮರಳು ಒಂದು ಪಾಲು ಎನ್ನುವುದು ರೂಢಿಯ ಲೆಕ್ಕ. ಲೆಕ್ಕ ಒಂದೇ ಆದರೂ ಮಣ್ಣು ಒಂದೇ ಅಲ್ಲ. ಕುಶಾಲನಗರದ ಕಡೆಯ ಮಣ್ಣನ್ನು ಒದ್ದೆ ಮಾಡಿ ಮುಷ್ಟಿಯಲ್ಲಿ ಹಿಡಿದರೆ ಒಂದು ಥರ, ಭಾಗಮಂಡಲದ ಕಡೆಯದ್ದು ಇನ್ನೊಂದು ಥರ. ಹಿಡಿದ ಉಂಡೆಯನ್ನು ಹೆಬ್ಬೆರಳಿನಿಂದ ಮೆಲ್ಲನೆ ಒತ್ತಿದಾಗ ಅದು ಪುಡಿಯಾಗಿ ಉದುರಬೇಕು. ಹಿಟ್ಟಿನಂತೆ ಚಪ್ಪಟೆಯಾದರೆ ಮರಳು ಸಾಲದು, ಹಿಡಿಯುವ ಮುನ್ನವೇ ಜಾರಿದರೆ ಗೊಬ್ಬರ ಸಾಲದು.

ತುಂಬಿದ ಚೀಲವನ್ನು ನೆಲಕ್ಕೆ ಎರಡು ಬಾರಿ ಕುಟ್ಟಿ ನಿಲ್ಲಿಸಬೇಕು. ಒಳಗೆ ಗಾಳಿಯ ಪೊಳ್ಳು ಉಳಿದರೆ ಬೇರು ಅಲ್ಲಿಯೇ ನಿಲ್ಲುತ್ತದೆ. ಅತಿಯಾಗಿ ಅದುಮಿದರೆ ಮೇಲೆ ನೀರು ನಿಲ್ಲುತ್ತದೆ. ಕಾಫಿ ಬೀಜ ಮೊಳೆತು, ಬೀಜದ ಸಿಪ್ಪೆಯನ್ನು ತಲೆಯ ಮೇಲೆ ಹೊತ್ತುಕೊಂಡು ನಿಲ್ಲುವ ‘ಟೋಪಿ’ ಹಂತದಲ್ಲಿ ಸಸಿಯನ್ನು ಕಿತ್ತು ಚೀಲಕ್ಕೆ ಇಡುವಾಗ ತಾಯಿಬೇರು ಮಡಚಿಕೊಂಡರೆ ಆ ತಪ್ಪು ಅಂದು ಕಾಣಿಸುವುದಿಲ್ಲ. ಐದಾರು ವರ್ಷದ ಮೇಲೆ, ಯಾರದೋ ತೋಟದಲ್ಲಿ, ಬೇಸಿಗೆಯ ಬಿಸಿಲಿಗೆ ಒಂದೇ ಗಿಡ ಬಾಡಿದಾಗ ಕಿತ್ತು ನೋಡಿದರೆ ಕೊಕ್ಕೆಯಂತೆ ಬಾಗಿದ ಬೇರು ಸಿಗುತ್ತದೆ. ನರ್ಸರಿಯವನ ಕೈಯ ಬೇಜವಾಬ್ದಾರಿಗೆ ಬೆಳೆಗಾರ ತೆತ್ತ ಬೆಲೆ ಅದು.

ಕಸಿ ಕಟ್ಟೋದು ಕಲಿಯೋಕೆ ಎಷ್ಟು ದಿನ ಬೇಕು?

ವಿಧಾನ ತಿಳಿಯಲು ಒಂದು ಬೆಳಗ್ಗೆ ಸಾಕು, ಕೈಗೆ ಹತ್ತಲು ಎರಡು ಹಂಗಾಮು ಬೇಕು. ಮೊದಲು ಮಾತಿನ ಗೊಂದಲ ಬಿಡಿಸುತ್ತೇನೆ: ನಮ್ಮ ಮಲೆನಾಡಿನ ತೋಟಗಳಲ್ಲಿ ‘ಮರಗಸಿ’ ಎಂದರೆ ನೆರಳಿನ ಮರದ ಕೊಂಬೆ ಇಳಿಸುವುದು, ಅಂದರೆ ಕಪಾತು. ಇಲ್ಲಿ ಹೇಳುತ್ತಿರುವುದು ಒಂದು ಗಿಡದ ಕಡ್ಡಿಯನ್ನು ಇನ್ನೊಂದರ ಬೇರಿಗೆ ಕೂಡಿಸುವ ಕಸಿ.

ಬೆಣ್ಣೆಹಣ್ಣಿನ ಮೃದುಕಾಂಡ ಕಸಿಯನ್ನು ತೆಗೆದುಕೊಳ್ಳೋಣ. ಪೆನ್ಸಿಲಿನಷ್ಟು ದಪ್ಪವಾದ ಬೇರುಗಿಡದ ತಲೆಯನ್ನು ಅಡ್ಡಕ್ಕೆ ಕತ್ತರಿಸಿ, ನಡುವೆ ಮೂರು ನಾಲ್ಕು ಸೆಂಟಿಮೀಟರ್ ಆಳಕ್ಕೆ ಸೀಳಬೇಕು. ಅಷ್ಟೇ ದಪ್ಪದ, ಮೊಗ್ಗು ಉಬ್ಬಿದ ಕಸಿಕಡ್ಡಿಯ ಬುಡವನ್ನು ಎರಡು ಬದಿಯಿಂದ ಬೆಣೆಯಂತೆ ಕೆತ್ತಬೇಕು. ಪ್ರತಿ ಬದಿಗೂ ಚಾಕು ಒಮ್ಮೆ ಮಾತ್ರ ಹಾಯಬೇಕು. ಎರಡನೇ ಬಾರಿ ಸವರಿದರೆ ಮೇಲ್ಮೈ ಅಲೆಅಲೆಯಾಗಿ ಒಳಗೆ ಗಾಳಿ ಕೂರುತ್ತದೆ. ತೊಗಟೆಯ ಕೆಳಗೆ ಕೂದಲೆಳೆಯಷ್ಟು ತೆಳುವಾದ ಹಸಿರು ಪದರವೊಂದಿದೆ, ಜೀವ ಬೆಸೆಯುವುದು ಅಲ್ಲಿಯೇ. ಕಡ್ಡಿ ಸಣ್ಣದಾದರೆ ಅದನ್ನು ಸೀಳಿನ ನಡುವೆ ಇಡಬಾರದು, ಒಂದು ಬದಿಗೆ ಸರಿಸಿ ಆ ಪದರಗಳನ್ನು ಒಂದಕ್ಕೊಂದು ತಾಗಿಸಬೇಕು. ನಂತರ ಪ್ಲಾಸ್ಟಿಕ್ ಪಟ್ಟಿಯಿಂದ ಕೆಳಗಿನಿಂದ ಮೇಲಕ್ಕೆ ಬಿಗಿದು, ತೇವ ಆರದಂತೆ ಉದ್ದನೆಯ ತೆಳು ಚೀಲವನ್ನು ಟೋಪಿಯಂತೆ ತೊಡಿಸಿ, ನೆರಳಿನಲ್ಲಿ ಇಡಬೇಕು. ಎರಡರಿಂದ ನಾಲ್ಕು ವಾರದಲ್ಲಿ ಮೊಗ್ಗು ಒಡೆಯುತ್ತದೆ.

ಕಲಿಯುವವರಿಗೆ ನಾನು ಮೊದಲು ಕಸಿಕಡ್ಡಿ ಕೊಡುವುದಿಲ್ಲ. ಕಳೆಯಂತೆ ಬೆಳೆದ ಯಾವುದಾದರೂ ಮೆದು ಕಡ್ಡಿಯಲ್ಲಿ ದಿನಕ್ಕೆ ಐವತ್ತು ಬೆಣೆ ಕೆತ್ತಿಸುತ್ತೇನೆ, ಎರಡು ಬೆಣೆಗಳನ್ನು ಬೆನ್ನಿಗೆ ಬೆನ್ನು ತಾಗಿಸಿ ಬೆಳಕಿಗೆ ಹಿಡಿಯಲು ಹೇಳುತ್ತೇನೆ. ನಡುವೆ ಬೆಳಕು ನುಸುಳದ ದಿನ ಅವರಿಗೆ ನಿಜವಾದ ಕಡ್ಡಿ ಸಿಗುತ್ತದೆ.

ಬೀಜದಿಂದಲೇ ಗಿಡ ಬರುವಾಗ ಕಸಿ ಯಾಕೆ ಬೇಕು?

ಬೆಳೆಯಿಂದ ಬೆಳೆಗೆ ಉತ್ತರ ಬೇರೆ, ಅದನ್ನು ತಿಳಿಯುವುದೇ ಶಿಕ್ಷಣದ ಒಂದು ಭಾಗ. ರಂಬುಟಾನಿನ ಬೀಜದ ಗಿಡ ಗಂಡು ಮರವಾಗಿ, ವರ್ಷಗಟ್ಟಲೆ ಸಾಕಿದರೂ ಹಣ್ಣೇ ಬಿಡದಿರಬಹುದು. ಬೆಣ್ಣೆಹಣ್ಣಿನ ಬೀಜದ ಗಿಡ ತಾಯಿಯ ಗುಣವನ್ನು ಉಳಿಸಿಕೊಳ್ಳುವುದಿಲ್ಲ. ಕೊಡಗಿನ ಕಿತ್ತಳೆಯದು ಬೇರೆ ಸ್ವಭಾವ: ಒಂದು ಬೀಜದಿಂದ ಎರಡು ಮೂರು ಸಸಿ ಏಳುತ್ತವೆ, ಅವುಗಳಲ್ಲಿ ಹೆಚ್ಚಿನವು ತಾಯಿಯನ್ನೇ ಹೋಲುತ್ತವೆ. ಸಸಿಮಡಿಯಲ್ಲಿ ಎಲೆಯ ಆಕಾರ ಬೇರೆಯಾಗಿರುವ, ಕುಂಟುತ್ತಾ ಬೆಳೆದ ಸಸಿಯನ್ನು ಹೆಕ್ಕಿ ತೆಗೆಯುವ ಕಣ್ಣು ಇದ್ದವನು ಬೀಜದಿಂದಲೂ ಒಳ್ಳೆಯ ಕಿತ್ತಳೆ ಗಿಡ ಕೊಡಬಲ್ಲ. ರಂಗಪುರ ನಿಂಬೆಯ ಬೇರುಗಿಡದ ಮೇಲೆ ಕಣ್ಣುಕಸಿ ಮಾಡಿದರೆ ಬೇಗ ಫಸಲು ಬರುತ್ತದೆ, ಆದರೆ ಕಣ್ಣು ತೆಗೆದ ತಾಯಿಮರ ರೋಗಮುಕ್ತವಾಗಿರಬೇಕು. ಹಸಿರುಗಟ್ಟುವ ರೋಗ, ಟ್ರಿಸ್ಟೆಜಾ ನಂಜು ಇವೆರಡೂ ಕಣ್ಣಿನ ಮೂಲಕವೇ ಒಂದರಿಂದ ಸಾವಿರ ಗಿಡಕ್ಕೆ ಹರಡುತ್ತವೆ.

ಕಕ್ಕಡದ (ಜುಲೈ–ಆಗಸ್ಟಿನ) ಮಳೆಯಲ್ಲಿ ನರ್ಸರಿಯಲ್ಲಿ ಏನು ಕೆಲಸ ಇರುತ್ತದೆ? ಆ ಎರಡು ತಿಂಗಳು ಮನೆಗೆ ಹೋಗಬಹುದಾ?

ದಯವಿಟ್ಟು ಹೋಗಬೇಡಿ. ಕೊಡಗಿನ ತೋಟಗಾರಿಕೆಯ ಅರ್ಧ ಪಾಠ ಆ ತಿಂಗಳುಗಳಲ್ಲೇ ಇದೆ. ನೀರು ಎಲ್ಲಿ ನಿಲ್ಲುತ್ತದೆ, ಬಸಿಗಾಲುವೆ ಎಲ್ಲಿ ತೋಡಬೇಕು, ಮೆಣಸಿಗೆ ಶೀಘ್ರ ಸೊರಗು ರೋಗ ಮೊದಲು ಯಾವ ಮೂಲೆಯಿಂದ ಬರುತ್ತದೆ ಎಂಬುದನ್ನು ಮಳೆಗೆ ಗೊರಗ (ಗೊರಬು) ಹೊತ್ತು ತೋಟದಲ್ಲಿ ನಡೆದವನಿಗೇ ತಿಳಿಯುವುದು. ಎಲೆಯ ಮೇಲೆ ಕಪ್ಪು ಮಚ್ಚೆ ಬಿದ್ದು, ಅದರ ಅಂಚು ಬೆಂಕಿ ಹತ್ತಿದ ಹಾಗೆ ಎಳೆಎಳೆಯಾಗಿ ಹರಡುತ್ತಿದ್ದರೆ ಅದೇ ಅದರ ಗುರುತು.

ಶಿಲೀಂಧ್ರ ರೋಗ ತಡೆಯಲು ಹೊಡೆಯುವ ಬೋರ್ಡೋ ದ್ರಾವಣ ಮಾಡಲು ಕಲಿಯುವುದೂ ಆಗಲೇ. ಶೇಕಡಾ ಒಂದರ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ, ಒಂದು ಕಿಲೋ ಸುಣ್ಣವನ್ನು ಇನ್ನೊಂದು 50 ಲೀಟರ್ ನೀರಿನಲ್ಲಿ ಪ್ಲಾಸ್ಟಿಕ್ ಡ್ರಮ್ಮುಗಳಲ್ಲಿ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತಾ ಕಲಕಬೇಕು. ಆಕಾಶನೀಲಿ ಬಂದ ಮೇಲೆ ಉಜ್ಜಿದ ಕಬ್ಬಿಣದ ಚಾಕುವನ್ನು ಅದ್ದಿ ತೆಗೆಯಿರಿ. ಚಾಕುವಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು, ಹಾಗೆಯೇ ಹೊಡೆದರೆ ಎಲೆ ಸುಡುತ್ತದೆ. ಮಾಡಿದ ದ್ರಾವಣವನ್ನು ಅಂದೇ ಮುಗಿಸಬೇಕು.

ಏಣಿ, ಮರ, ಔಷಧಿ ಇವೆಲ್ಲ ಅಪಾಯ ಅಲ್ಲವಾ? ಮನೆಯವರು ಹೆದರುತ್ತಿದ್ದಾರೆ.

ಹೆದರಿಕೆಗೆ ಕಾರಣವಿದೆ. ಮೆಣಸು ಕುಯ್ಯುವಾಗ, ಮರ ಕಪಾತು ಮಾಡುವಾಗ ಅಲ್ಯೂಮಿನಿಯಂ ಏಣಿ ವಿದ್ಯುತ್ ತಂತಿಗೆ ತಗುಲಿ ಜೀವ ಹೋದ ಸುದ್ದಿಯನ್ನು ನಮ್ಮ ಜಿಲ್ಲೆಯವರು ಮತ್ತೆ ಮತ್ತೆ ಓದಿದ್ದೇವೆ. ತಂತಿ ಹಾದು ಹೋಗುವ ಸಾಲಿನಲ್ಲಿ ಲೈನ್ ಬಂದ್ ಮಾಡಿಸದೆ ಏಣಿ ಎತ್ತುವುದಿಲ್ಲ ಎಂದು ಮೊದಲ ದಿನವೇ ಹೇಳಿಬಿಡಿ. ಕಲಿಯುವವನಿಗೆ ಬೇಡ ಎನ್ನುವ ಹಕ್ಕಿದೆ. ಮೊದಲ ವರ್ಷ ಎತ್ತರದ ಮರಕ್ಕೆ ಹತ್ತಿಸುವ ಮಾಲೀಕ ಕಲಿಸುತ್ತಿಲ್ಲ, ಆಳಿನ ಖರ್ಚು ಉಳಿಸುತ್ತಿದ್ದಾನೆ.

ಔಷಧಿಯ ಡಬ್ಬಿಯ ಮೇಲಿನ ತ್ರಿಕೋನದ ಬಣ್ಣ ಓದಲು ಕಲಿಯಿರಿ: ಕೆಂಪು ಅತ್ಯಂತ ವಿಷ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಕೈಗವಸು, ಮುಖಗವಸು, ಉದ್ದ ತೋಳಿನ ಅಂಗಿ ಕೊಡದ ಕಡೆ ಸಿಂಪಡಣೆಗೆ ನಿಲ್ಲಬೇಡಿ.

ಗಿಡಗಳ ಲ್ಯಾಟಿನ್ ಹೆಸರು ಕಲಿಯಲೇಬೇಕಾ?

ಕಲಿಯಬೇಕು, ಆದರೆ ಕೊನೆಗೆ. ಹಾಲುವಾಣ, ಗೋಣಿ, ಬಳಂಜಿ, ಹೊನ್ನೆ ಎಂಬ ಹೆಸರುಗಳನ್ನು ಎಲೆ, ತೊಗಟೆ, ಹಾಲಿನ ವಾಸನೆಯ ಜೊತೆ ಮೊದಲು ಗುರುತಿಸಿ. ಒಂದೇ ಮರಕ್ಕೆ ವಿರಾಜಪೇಟೆಯಲ್ಲಿ ಒಂದು, ಸೋಮವಾರಪೇಟೆಯಲ್ಲಿ ಇನ್ನೊಂದು ಹೆಸರು ಇದ್ದಾಗ ಲ್ಯಾಟಿನ್ ಹೆಸರಿನ ಅಗತ್ಯ ತಾನಾಗಿ ತಿಳಿಯುತ್ತದೆ.

ದಿನಚರಿ ಬರೆಯಬೇಕು ಅಂತೀರಿ. ಏನು ಬರೆಯೋದು?

ತಾರೀಖು, ಮಳೆ ಎಷ್ಟು ಸೆಂಟು (ನೂರು ಸೆಂಟಿಗೆ ಒಂದು ಇಂಚು), ಏನು ಮಾಡಿದೆ, ಎಷ್ಟು ಮಾಡಿದೆ. ಮೂರು ವಾರದ ಮೇಲೆ ಅದೇ ಪುಟಕ್ಕೆ ಹಿಂತಿರುಗಿ ಎಷ್ಟು ಉಳಿಯಿತು ಎಂದು ಕೆಂಪು ಶಾಯಿಯಲ್ಲಿ ಬರೆಯಿರಿ. ನನ್ನ ಎರಡನೇ ವರ್ಷದ ಪುಸ್ತಕದಲ್ಲಿ ಒಂದು ಕಡೆ “ಕಟ್ಟಿದ್ದು 300, ಉಳಿದಿದ್ದು 41” ಎಂದಿದೆ. ಅಂದು ಬೆಳಗ್ಗೆ ಕಡಿದ ಕಡ್ಡಿಗಳನ್ನು ಒದ್ದೆ ಗೋಣಿಯಲ್ಲಿ ಸುತ್ತದೆ ಮಧ್ಯಾಹ್ನದವರೆಗೆ ಜೀಪಿನ ಹಿಂಬದಿಯಲ್ಲಿ ಬಿಟ್ಟಿದ್ದೆ ಎಂಬುದನ್ನೂ ಕೆಳಗೆ ಬರೆದಿದ್ದೇನೆ. ಆ ಸಾಲು ಇಲ್ಲದಿದ್ದರೆ ತಪ್ಪನ್ನು ಮಳೆಯ ಮೇಲೆ ಹೊರಿಸಿ ಮರೆತುಬಿಡುತ್ತಿದ್ದೆ.

## ಕಲಿತ ಮೇಲೆ

ಎಂಟು ವರ್ಷದಿಂದ ಕಸಿ ಕಟ್ಟುತ್ತಿದ್ದೇನೆ, ಕೈಯಲ್ಲಿ ಒಂದೂ ಸರ್ಟಿಫಿಕೇಟ್ ಇಲ್ಲ. ಏನು ಮಾಡಲಿ?

ಪೂರ್ವ ಕಲಿಕೆಗೆ ಮಾನ್ಯತೆ ಎಂಬ ವ್ಯವಸ್ಥೆ ಪ್ರಧಾನಮಂತ್ರಿ ಕೌಶಲ್ಯ ವಿಕಾಸ ಯೋಜನೆಯಲ್ಲಿದೆ. ಈಗಾಗಲೇ ಬಲ್ಲ ಕೆಲಸವನ್ನು ಪರೀಕ್ಷಕರ ಮುಂದೆ ಮಾಡಿ ತೋರಿಸಿದರೆ ಭಾರತೀಯ ಕೃಷಿ ಕೌಶಲ್ಯ ಮಂಡಳಿಯ ಮಾನದಂಡದ ಪ್ರಕಾರ ಪ್ರಮಾಣಪತ್ರ ಸಿಗುತ್ತದೆ. ಯಾವಾಗ ಎಲ್ಲಿ ನಡೆಯುತ್ತದೆ ಎಂಬುದನ್ನು ಜಿಲ್ಲಾ ಕೌಶಲ್ಯಾಭಿವೃದ್ಧಿ ಕಚೇರಿಯಲ್ಲಿ ವಿಚಾರಿಸುತ್ತಿರಿ.

ಸ್ವಂತ ನರ್ಸರಿ ಇಡಬೇಕು. ಒಳ್ಳೆಯ ತಳಿ ತಂದು ಎಷ್ಟು ಬೇಕಾದರೂ ಮಾಡಿ ಮಾರಬಹುದಾ?

ಸಾಂಪ್ರದಾಯಿಕ ತಳಿಯನ್ನು ಮಾರಬಹುದು. ಆದರೆ ಸಂಶೋಧನಾ ಸಂಸ್ಥೆಗಳು ಬಿಡುಗಡೆ ಮಾಡಿ ಹಕ್ಕು ನೋಂದಾಯಿಸಿದ ತಳಿಗಳನ್ನು ವಾಣಿಜ್ಯವಾಗಿ ಬೆಳೆಸಲು ಪರವಾನಗಿ ಪಡೆಯಬೇಕು. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಇದನ್ನು ನಿಯಂತ್ರಿಸುತ್ತದೆ. ಪರವಾನಗಿ ಪಡೆದವರಿಗೆ ಸಂಸ್ಥೆಯೇ ಮೂಲ ಗಿಡ ಕೊಡುವುದರಿಂದ ತಳಿ ಶುದ್ಧವಾಗಿರುತ್ತದೆ. ರಾಷ್ಟ್ರೀಯ ತೋಟಗಾರಿಕಾ ಮಂಡಳಿಯ ನರ್ಸರಿ ಮಾನ್ಯತೆಗೂ ಅರ್ಜಿ ಹಾಕಿ.

ಇದಕ್ಕೂ ಮೊದಲು ತಾಯಿಗಿಡದ ತಾಕು ಮಾಡಿ. ಮೆಣಸಿಗಾದರೆ ವರ್ಷ ವರ್ಷವೂ ಚೆನ್ನಾಗಿ ಕಾಯಿ ಬಿಟ್ಟ, ರೋಗವಿಲ್ಲದ ಬಳ್ಳಿಗಳಿಗೆ ಗುರುತು ಹಾಕಿ, ಅವುಗಳ ಬುಡದಿಂದ ಹೊರಡುವ ಹಂಬುಗಳು ನೆಲಕ್ಕೆ ಬೇರು ಬಿಡದಂತೆ ಗೂಟಕ್ಕೆ ಸುತ್ತಿಟ್ಟು, ಫೆಬ್ರವರಿ ಮಾರ್ಚಿನಲ್ಲಿ ಕತ್ತರಿಸಿ ನಡುವಿನ ಭಾಗವನ್ನು ಮಾತ್ರ ಎರಡು ಮೂರು ಗೆಣ್ಣಿನ ತುಂಡುಗಳಾಗಿ ನೆಡಬೇಕು. ಸಿಕ್ಕ ಬಳ್ಳಿಯನ್ನೆಲ್ಲ ಕತ್ತರಿಸಿ ಮಾರುವವನಿಗೆ ಒಂದು ವರ್ಷ ಲಾಭ, ಆಮೇಲೆ ಗಿರಾಕಿ ಇಲ್ಲ.

ಕೊಡಗಿನಲ್ಲೇ ಉಳಿದರೆ ಬದುಕು ನಡೆಯುತ್ತದಾ?

ನಡೆಯುತ್ತದೆ. ತೋಟಗಳಿಗೆ ಕಸಿ ಕಟ್ಟುವವರು, ಕಾಂಡಕೊರಕ ಗುರುತಿಸುವವರು, ನೆರಳು ಲೆಕ್ಕ ಹಾಕಿ ಕಪಾತು ಮಾಡಿಸುವವರು ಸಿಗುತ್ತಿಲ್ಲ. ಹೋಮ್‌ಸ್ಟೇ ಮತ್ತು ರೆಸಾರ್ಟುಗಳು ಉದ್ಯಾನ ನೋಡಿಕೊಳ್ಳುವವರನ್ನು ಹುಡುಕುತ್ತಲೇ ಇರುತ್ತವೆ. ಈ ಕೊನೆಯ ಕೆಲಸಕ್ಕೆ ಹೋಗುವವರಲ್ಲಿ ನನ್ನದೊಂದು ಬೇಡಿಕೆ: ಹುಲ್ಲುಹಾಸು, ಹೊರದೇಶದ ಹೂಗಿಡಗಳ ನಡುವೆ ನಮ್ಮ ಕಾಡಿನ ಒಂದೆರಡು ಮರಗಳಿಗೂ ಜಾಗ ಮಾಡಿಸಿ.

ನಾನು ಬೆಳೆಗಾರ. ಒಬ್ಬನಿಗೆ ಎರಡು ವರ್ಷ ಕಲಿಸಿದೆ ಎಂದುಕೊಳ್ಳಿ. ಮರುದಿನವೇ ಬೇರೆ ಕಡೆ ಹೋದರೆ ನನಗೇನು ಸಿಕ್ಕಿತು?

ಹೋಗುವವರು ಹೋಗುತ್ತಾರೆ, ನನ್ನಲ್ಲಿಂದಲೂ ಹೋಗಿದ್ದಾರೆ. ಆದರೆ ಕಲಿಸದೆ ಇಟ್ಟುಕೊಂಡವರೂ ಹೋಗುತ್ತಾರೆ, ಮತ್ತು ಇರುವಷ್ಟು ದಿನ ಗಿಡ ಕೆಡಿಸಿ ಹೋಗುತ್ತಾರೆ. ಉಳಿಸಿಕೊಳ್ಳಲು ನಾನು ಕಂಡ ದಾರಿ ಹೊಣೆ ಕೊಡುವುದು. ಎರಡನೇ ವರ್ಷದಿಂದ ಪ್ರತಿಯೊಬ್ಬರಿಗೂ ಒಂದು ಮಡಿ ಅವರದೇ ಎಂದು ಬಿಟ್ಟುಕೊಡುತ್ತೇನೆ, ಮಡಿಯ ತುದಿಯಲ್ಲಿ ಅವರ ಹೆಸರಿನ ಹಲಗೆ ನಿಲ್ಲಿಸುತ್ತೇನೆ, ಆ ಮಡಿಯಲ್ಲಿ ಉಳಿದು ಮಾರಾಟವಾದ ಪ್ರತಿ ಕಸಿಗಿಡಕ್ಕೂ ಶಿಷ್ಯವೇತನದ ಮೇಲೆ ಒಂದು ಪಾಲು ಕೊಡುತ್ತೇನೆ. ಕಳೆದ ಮಳೆಗಾಲದಲ್ಲಿ ರಾತ್ರಿ ಗಾಳಿಗೆ ನೆರಳುಬಲೆ ಹರಿದಾಗ ನಾನು ಟಾರ್ಚ್ ಹಿಡಿದು ಹೋಗುವಷ್ಟರಲ್ಲಿ, ಮೂರು ಮೈಲಿ ದೂರದ ಮನೆಯಿಂದ ಒಬ್ಬ ಹುಡುಗಿ ಅಣ್ಣನನ್ನು ಎಬ್ಬಿಸಿಕೊಂಡು ಬಂದು, ತನ್ನ ಮಡಿಯ ಚೀಲಗಳನ್ನು ಒಂದೊಂದಾಗಿ ಕೊಟ್ಟಿಗೆಯೊಳಗೆ ಸಾಗಿಸುತ್ತಿದ್ದಳು.